ತಿನ್ನದ ಮಾಂಸದ ಹುಳು

ಕಮಲಾಪುರದಿಂದ ಆಪಾಳ ಫೋನ್ ಬಂದಾಗ ನಾನು ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಮೆಂತೆ ಸೊಪ್ಪು ಆರಿಸುತ್ತಾ ನಿಂತಿದ್ದೆ. 2018ರ ರಮಝಾನ್ ಈದ್ ಮುಗಿದು ಹತ್ತು ದಿನವಾಗಿರಬೇಕು. "ಭಾಯಿ, ಜಲ್ದಿ ಆ, ಹುಡುಗನಿಗೆ ಏನೋ ಆಗಿದೆ" ಎಂದಷ್ಟೇ ಹೇಳಿ ಅಳತೊಡಗಿದಳು. ಹಿಂದಿನಿಂದ ಯಾರೋ ಫೋನ್ ಕಸಿದುಕೊಂಡು, ಜೀಪಿನಲ್ಲಿ ಕರೆದುಕೊಂಡು ಬರುತ್ತಿದ್ದೇವೆ, ಮಹಾಗಾಂವ್ ಕ್ರಾಸ್ ದಾಟಿದ್ದೇವೆ ಎಂದರು. ಸೊಪ್ಪಿನ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಆಟೋ ಹತ್ತಿದೆ.

ಆಪಾಳ ಹಿರಿಯ ಮಗನಿಗೆ ಆಗ ಇಪ್ಪತ್ತಾರು ವರ್ಷ. ಐ.ಟಿ.ಐ. ಮುಗಿಸಿ ಶಾರ್ಜಾಕ್ಕೆ ಹೋಗಿ ನಾಲ್ಕು ವರ್ಷ ಎ.ಸಿ. ಮೆಕ್ಯಾನಿಕ್ ಆಗಿ ದುಡಿದಿದ್ದ. ಹುಮನಾಬಾದ್ ಕಡೆಯ ಹುಡುಗಿಯೊಂದಿಗೆ ಮಾತುಕತೆ ಮುಗಿದಿತ್ತು. ಮಂಗನಿ ಮಾಡಿಕೊಳ್ಳಲೆಂದೇ ರಮಝಾನ್‌ಗೆ ಮೊದಲು ಊರಿಗೆ ಬಂದಿದ್ದ. ಆ ದಿನ ಮಧ್ಯಾಹ್ನ ಊಟಕ್ಕೆ ಕುಳಿತವನ ಬಲಗೈ ತಾನಾಗಿಯೇ ನಡುಗತೊಡಗಿತಂತೆ. ಕೈಯಲ್ಲಿದ್ದ ರೊಟ್ಟಿಯ ತುಂಡು ಬಿತ್ತು, ಬಾಯಿ ಓರೆಯಾಯಿತು, ಆಮೇಲೆ ಇಡೀ ದೇಹ ಸೆಟೆದು ಬಿದ್ದುಬಿಟ್ಟ. ನೆರೆಯವರು ಬಂದು ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿಸಿದರು, ಮೂಗಿಗೆ ಈರುಳ್ಳಿ ಹಿಡಿದರು. ಒಬ್ಬರು ಹಲ್ಲಿನ ನಡುವೆ ಚಮಚ ತುರುಕಲು ನೋಡಿದರು. ಇದೆಲ್ಲ ಮಾಡಬಾರದ್ದು. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ ಕಾಯುವುದಷ್ಟೇ ಮಾಡಬೇಕಾದದ್ದು. ಆದರೆ ಅಂಥ ಹೊತ್ತಿನಲ್ಲಿ ಸುಮ್ಮನೆ ಕಾಯುವುದು ನೋಡುವವರಿಗೆ ಬಹಳ ಕಷ್ಟ.

ಮರುದಿನ ಎಂ.ಆರ್.ಐ. ಆಯಿತು. ರಿಪೋರ್ಟಿನಲ್ಲಿ ಒಂದು ಉದ್ದನೆಯ ಶಬ್ದವಿತ್ತು: ನ್ಯೂರೋಸಿಸ್ಟಿಸರ್ಕೋಸಿಸ್. ಡಾಕ್ಟರು ಬರುವ ಮೊದಲೇ ಆಪಾಳ ಕಿರಿಯ ಮಗ ಮೊಬೈಲಿನಲ್ಲಿ ಆ ಶಬ್ದ ಹಾಕಿ ನೋಡಿದ್ದ. ಅವನ ಮುಖ ಬಿಳಿಚಿಕೊಂಡಿತು. ಮೊಬೈಲನ್ನು ನನ್ನ ಕಡೆ ತಿರುಗಿಸಿದ. ಹಂದಿಮಾಂಸದ ಲಾಡಿಹುಳು, ಅದರ ಮರಿ ಮಿದುಳಿನಲ್ಲಿ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ನಾನು ಇಪ್ಪತ್ತೆಂಟು ವರ್ಷ ಪಿ.ಯು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನು. ಲಾಡಿಹುಳುವಿನ ಜೀವನಚಕ್ರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಂಥವನು ಆ ಸಂಜೆ ವಾರ್ಡಿನ ಹೊರಗೆ ಯಾರೂ ಇಲ್ಲದಾಗ ಸ್ಟ್ರೆಚರ್ ಮೇಲೆ ಮಲಗಿದ್ದ ಹುಡುಗನ ಕಿವಿಯ ಬಳಿ ಬಾಗಿ ಕೇಳಿದೆ: "ಬೇಟಾ, ಅಲ್ಲಿ ಎಂದಾದರೂ, ತಪ್ಪಿ, ಗೆಳೆಯರ ಜೊತೆ... ತಿಂದಿದ್ದೀಯಾ? ನನಗೊಬ್ಬನಿಗೇ ಹೇಳು." ಅವನು ಮಾತ್ರೆಗಳ ಮಂಪರಿನಲ್ಲಿದ್ದ. ಆದರೂ ಪ್ರಶ್ನೆ ಅರ್ಥವಾಯಿತು. "ಮಾಮೂ, ಖುದಾ ಕೀ ಕಸಂ, ಮೈ ನೈ ಖಾಯಾ" ಎಂದ. ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಸಾಲದೆಂಬಂತೆ ನಾನು ಇನ್ನೊಮ್ಮೆ ಕೇಳಿದೆ.

ರಾತ್ರಿ ನರರೋಗದ ಡಾಕ್ಟರು ಬಂದರು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿನ ಎಡಭಾಗದಲ್ಲಿ ಒಂದು ಸಣ್ಣ ಉಂಗುರ, ಕಡಲೆಕಾಳಿನಷ್ಟು. ಉಂಗುರದ ನಡುವೆ ಒಂದು ಚುಕ್ಕಿ. "ಆ ಚುಕ್ಕಿನೇ ಹುಳದ ತಲಿ, ಸರ್. ಇಷ್ಟು ಚಂದ ಕಾಣೂದು ಅಪರೂಪ" ಎಂದರು. ಡಾಕ್ಟರುಗಳಿಗೆ ಇಂಥವು ಚಂದವಾಗಿ ಕಾಣುತ್ತವೆ! ನಾನು ತಗ್ಗಿದ ದನಿಯಲ್ಲಿ, "ನಮ್ಮ ಹುಡುಗ ಅದನ್ನು ತಿಂದಿಲ್ಲ ಅಂತಾನೆ" ಎಂದೆ. ಅವರು ಅಚ್ಚರಿಯಿಂದ ನನ್ನನ್ನೇ ನೋಡಿದರು. "ತಿಂದ್ರ ಇದು ಬರಂಗಿಲ್ಲಲ್ರಿ ಸರ್. ನೀವ ಕಲಿಸೀರಿ. ಮರ್ತೀರೇನು?"

ಮರೆತಿದ್ದೆ. ಅಥವಾ ಗೊತ್ತಿದ್ದದ್ದು ಆ ದಿನ ನನ್ನ ಕೈಗೆ ಸಿಗಲಿಲ್ಲ. ನೀವೂ ಮರೆತಿರಬಹುದು, ಆದ್ದರಿಂದ ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ.

ಈ ಹುಳುವಿಗೆ ಎರಡು ರೂಪ. ಸರಿಯಾಗಿ ಬೇಯಿಸದ ಹಂದಿಮಾಂಸದಲ್ಲಿ ಅದರ ಗುಳ್ಳೆಯಿದ್ದರೆ, ತಿಂದವನ ಕರುಳಿನಲ್ಲಿ ಅದು ಎರಡು ಮೂರು ಮೀಟರ್ ಉದ್ದದ ಲಾಡಿಯಾಗಿ ಬೆಳೆಯುತ್ತದೆ. ತಿಂದವನಿಗೆ ಬರುವುದು ಕರುಳಿನ ಹುಳು, ಮಿದುಳಿನದಲ್ಲ. ಬಹಳ ಸಲ ಅವನಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಆದರೆ ಹುಳುವಿನ ತುಂಡುಗಳು ಮಲದಲ್ಲಿ ಹೊರಬೀಳುತ್ತವೆ, ಒಂದೊಂದು ತುಂಡಿನಲ್ಲಿ 50,000ದವರೆಗೆ ಮೊಟ್ಟೆ. ಆ ಮೊಟ್ಟೆ ತೊಳೆಯದ ಕೈಯಿಂದ, ನೀರಿನಿಂದ, ಹಸಿ ತರಕಾರಿಯಿಂದ ಇನ್ನೊಬ್ಬರ ಹೊಟ್ಟೆ ಸೇರಿದರೆ ಆಗ ಬೇರೆಯೇ ಕತೆ. ಮೊಟ್ಟೆಯೊಡೆದ ಮರಿ ಕರುಳಿನ ಗೋಡೆ ದಾಟಿ, ರಕ್ತದ ಜೊತೆ ಹರಿದು, ಸ್ನಾಯುವಿನಲ್ಲೋ ಕಣ್ಣಿನಲ್ಲೋ ಮಿದುಳಿನಲ್ಲೋ ಗುಳ್ಳೆ ಕಟ್ಟಿಕೊಂಡು ಕೂರುತ್ತದೆ. ಈ ಎರಡನೆಯವನು ಮಾಂಸವನ್ನೇ ಮುಟ್ಟದ ಜೈನನಿರಬಹುದು, ಲಿಂಗವಂತನಿರಬಹುದು, ಐದು ಹೊತ್ತಿನ ನಮಾಝಿಯಿರಬಹುದು. ಅಷ್ಟೇಕೆ, ಹಂದಿಗೂ ಈ ರೋಗ ಬರುವುದು ಮನುಷ್ಯನ ಮಲದಿಂದಲೇ. ನಾವು ಅಸಹ್ಯಪಟ್ಟುಕೊಳ್ಳುವ ಪ್ರಾಣಿಗೆ ಹುಳು ಹತ್ತಿಸಿದವರು ನಾವೇ.

ಪಠ್ಯಪುಸ್ತಕದ ಚಿತ್ರದಲ್ಲಿ ಬಾಣಗಳು ಹಂದಿಯಿಂದ ಮನುಷ್ಯನಿಗೆ, ಮನುಷ್ಯನಿಂದ ಹಂದಿಗೆ ದುಂಡಗೆ ಸುತ್ತುತ್ತಿದ್ದವು. ಮನುಷ್ಯನಿಂದ ಮನುಷ್ಯನಿಗೆ ಹೋಗುವ ಪಕ್ಕದ ಬಾಣವನ್ನು ನಾನು ಬಾಯಿಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಪರೀಕ್ಷೆಗೆ ಬರುತ್ತಿರಲಿಲ್ಲವಲ್ಲ. ನನ್ನ ವಿದ್ಯಾರ್ಥಿಗೆ ಆ ಒಂದು ಮಾತು ನೆನಪಿತ್ತು, ನನಗೆ ಇರಲಿಲ್ಲ.

ಈ ಹುಳು ಹಂದಿಯಿಂದಲೇ ಮನುಷ್ಯನಿಗೆ ಬರುವುದೆಂದು ಕಂಡುಕೊಂಡ ಬಗೆಯೇ ಒಂದು ವಿಚಿತ್ರ. ಜರ್ಮನಿಯ ಕ್ಯೂಶೆನ್‌ಮೈಸ್ಟರ್ ಎಂಬ ವೈದ್ಯ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನಿಗೆ ಗೊತ್ತಾಗದಂತೆ ಊಟದಲ್ಲಿ ಗುಳ್ಳೆಗಳನ್ನು ಬೆರೆಸಿ ತಿನ್ನಿಸಿ, ಶಿಕ್ಷೆ ಜಾರಿಯಾದ ಮೇಲೆ ಅವನ ಕರುಳು ಬಿಚ್ಚಿ ಬೆಳೆಯುತ್ತಿದ್ದ ಹುಳುಗಳನ್ನು ತೋರಿಸಿದ. ಇದು 1855ರ ಮಾತು. ವಿಜ್ಞಾನ ಗೆದ್ದಿತು ನಿಜ, ಆದರೆ ಈ ಕತೆ ಹೇಳುವಾಗ ತರಗತಿಯಲ್ಲಿ ಹುಡುಗಿಯರು ಮುಖ ಮುಚ್ಚಿಕೊಳ್ಳುತ್ತಿದ್ದರು. ಅವರದೇ ಸರಿಯಿತ್ತೇನೋ.

ಇರಲಿ. ಹುಡುಗನಿಗೆ ಔಷಧ ಶುರುವಾಯಿತು. ಫಿಟ್ಸ್ ತಡೆಯುವ ಮಾತ್ರೆ, ಅಲ್ಬೆಂಡಜೋಲ್, ಅದರ ಜೊತೆ ಸ್ಟಿರಾಯ್ಡ್. ಅಲ್ಬೆಂಡಜೋಲ್ ಹೆಸರು ಕೇಳಿ ಆಪಾ, "ಶಾಲೆಯಲ್ಲಿ ಮಕ್ಕಳಿಗೆ ಪುಕ್ಕಟೆ ಕೊಡುವ ಹುಳದ ಮಾತ್ರೆಗೆ ಇಷ್ಟು ದೊಡ್ಡ ಆಸ್ಪತ್ರೆ ಬೇಕಿತ್ತೇ?" ಎಂದಳು. ಮಾತ್ರೆ ಅದೇ. ಆದರೆ ಮಿದುಳಿನೊಳಗೆ ಹುಳು ಸಾಯುವಾಗ ಸುತ್ತಲೂ ಬಾವು ಏರುತ್ತದೆ, ಅದನ್ನು ತಡೆಯಲು ಸ್ಟಿರಾಯ್ಡ್ ಬೇಕು, ವೈದ್ಯರ ಕಣ್ಗಾವಲು ಬೇಕು. ಬದುಕಿರುವಾಗ ಹುಳು ದೇಹದ ಕಾವಲಿನ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಅಡಗಿರುತ್ತದೆ. ಅದು ಸಾಯತೊಡಗಿದಾಗಲೇ ಸಾಮಾನ್ಯವಾಗಿ ಫಿಟ್ಸ್ ಶುರು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಶಾರ್ಜಾದ ಅವನ ರೂಮಿನಲ್ಲಿ ಆರು ಜನ, ಅವರಲ್ಲಿ ಮೂವರು ನಮ್ಮ ಕಡೆಯವರು: ಇವನು, ಆಳಂದ ಕಡೆಯ ಒಬ್ಬ, ಬೀದರ ಕಡೆಯ ಒಬ್ಬ. ಆ ಬೀದರಿನವನೂ ರಜೆಯ ಮೇಲೆ ಊರಿಗೆ ಬಂದಾಗ, ಎರಡು ತಿಂಗಳ ಹಿಂದೆ, ಹೀಗೆಯೇ ಫಿಟ್ಸ್ ಬಂದು ಬಿದ್ದಿದ್ದನಂತೆ. ಒಂದೇ ರೂಮು, ಒಂದೇ ಮೆಸ್ಸಿನ ಊಟ, ಇಬ್ಬರಿಗೆ ಫಿಟ್ಸ್. ನನ್ನೊಳಗಿನ ಮೇಷ್ಟ್ರು ಎಚ್ಚರವಾದ. ಹುಡುಗನನ್ನು ಅನುಮಾನಿಸಿದ್ದರ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಆಸೆಯೂ ಇತ್ತೆಂದು ಈಗ ಅನ್ನಿಸುತ್ತದೆ. ಅವನು ನಿರ್ದೋಷಿ ಎಂದು ಇಡೀ ಬಿರಾದರಿಗೆ ತೋರಿಸಬೇಕಿತ್ತು. ಹಾಗೆ ತೋರಿಸಲು ಬೇರೊಬ್ಬ ತಪ್ಪಿತಸ್ಥ ಬೇಕಲ್ಲ!

ಒಂದು ನೂರು ಹಾಳೆಯ ನೋಟ್‌ಬುಕ್ ತಂದು ಗೆರೆ ಹಾಕಿದೆ. ಯಾರು, ಯಾವಾಗ ಹೋದರು, ಯಾವಾಗ ಬಂದರು, ಎಲ್ಲಿ ಉಂಡರು, ಯಾವ ನೀರು ಕುಡಿದರು. ಸಂಜೆಗಳಲ್ಲಿ ಓದಲು ಕುಳಿತೆ.

ಹೊರನಾಡಿನಿಂದ ಮರಳಿದವರಲ್ಲಿ ಈ ರೋಗ ಹುಡುಕಿದ ಮೊದಲ ದೊಡ್ಡ ಪ್ರಕರಣ ನಮ್ಮ ದೇಶಕ್ಕೇ ಸಂಬಂಧಿಸಿದ್ದು. ಭಾರತದಲ್ಲಿ ನೌಕರಿ ಮಾಡಿ ಇಂಗ್ಲೆಂಡಿಗೆ ಮರಳಿದ ಬ್ರಿಟಿಷ್ ಸೈನಿಕರಿಗೆ ಕೆಲವು ವರ್ಷಗಳ ಮೇಲೆ ಮೂರ್ಛೆ ಬರುತ್ತಿತ್ತು. ಅವರ ವಂಶದಲ್ಲಿ ಯಾರಿಗೂ ಅದು ಇರುತ್ತಿರಲಿಲ್ಲ. 1930ರ ದಶಕದಲ್ಲಿ ಮೆಕಾರ್ಥರ್ ಎಂಬ ಸೇನಾ ವೈದ್ಯ ಇದರ ಬೆನ್ನು ಹತ್ತಿದ. ಆಗ ಸ್ಕ್ಯಾನಿಂಗ್ ಎಲ್ಲಿತ್ತು? ಚರ್ಮದ ಕೆಳಗೆ ಕೈಗೆ ಸಿಗುವ ಸಣ್ಣ ಗಂಟುಗಳು, ಎಕ್ಸ್‌ರೇಯಲ್ಲಿ ತೊಡೆಯ ಸ್ನಾಯುವಿನೊಳಗೆ ಅಕ್ಕಿಕಾಳಿನಂತೆ ಕಾಣುವ ಸುಣ್ಣಗಟ್ಟಿದ ಗುಳ್ಳೆಗಳು, ಇವುಗಳನ್ನು ಹಿಡಿದು ಅವನು ಮಿದುಳಿನ ಹುಳುವನ್ನು ಪತ್ತೆ ಹಚ್ಚಿದ. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕೋಂಬ್ ಎಂಬವರು ಇಂಥ 450 ರೋಗಿಗಳ ವಿವರ ಪ್ರಕಟಿಸಿದರು. ಬಹುಪಾಲು ಭಾರತದಲ್ಲಿದ್ದು ಬಂದವರೇ. ಮೊಟ್ಟೆ ಹೊಟ್ಟೆ ಸೇರಿದ್ದಕ್ಕೂ ಮೊದಲ ಫಿಟ್ಸಿಗೂ ನಡುವೆ ಸರಾಸರಿ ಐದು ವರ್ಷದಷ್ಟು ಅಂತರ. ಈ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡೆನೇ ಹೊರತು ಅದರ ಅರ್ಥ ಹೊಳೆಯಲಿಲ್ಲ.

ನನ್ನ ಮನಸ್ಸನ್ನು ಹಿಡಿದದ್ದು ಇನ್ನೊಂದು ಪ್ರಕರಣ. 1990-91ರಲ್ಲಿ ನ್ಯೂಯಾರ್ಕ್ ನಗರದ ಕಟ್ಟಾ ಯಹೂದಿ ಸಮುದಾಯದ ನಾಲ್ವರಿಗೆ ಇದೇ ರೋಗ ಬಂತು. ಅವರಿಗೂ ನಮ್ಮಂತೆಯೇ ಹಂದಿ ನಿಷಿದ್ಧ. ಹುಡುಕುತ್ತಾ ಹೋದ ತಜ್ಞರು ಮನೆಗೆಲಸದವರವರೆಗೆ ಬಂದು ನಿಂತರು. ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದ ಹೆಂಗಸರು. ಪರೀಕ್ಷೆ ಮಾಡಿದವರಲ್ಲಿ ಒಬ್ಬಳ ಕರುಳಿನಲ್ಲಿ ಹುಳು ಇತ್ತು. ಕುವೈತ್‌ನಿಂದಲೂ ಇಂಥದೇ ವರದಿ 2004ರಲ್ಲಿ ಬಂದಿದೆ. ಹಂದಿ ತಿನ್ನದ ಕುಟುಂಬಗಳು, ಹೊರದೇಶದ ಕೆಲಸದವರು. ಓದಿ ಮುಗಿಸಿದಾಗ ನನಗೆ ಉತ್ತರ ಸಿಕ್ಕಿಬಿಟ್ಟಿತ್ತು. ಶಾರ್ಜಾದ ರೂಮಿಗೆ ಫೋನ್ ಮಾಡಿ ಆಳಂದದ ಹುಡುಗನನ್ನು ಕೇಳಿದೆ: "ನಿಮಗೆ ಅಡುಗೆ ಯಾರು ಮಾಡ್ತಾರೆ?"

ಮೂರು ರೂಮಿಗೆ ಸೇರಿ ಒಬ್ಬ ಅಡುಗೆಯವನಿದ್ದ. ಬೇರೆ ರಾಜ್ಯದವನು, ವಯಸ್ಸಾದವನು. ಅಲ್ಲಿನ ಹೋಟೆಲುಗಳಲ್ಲಿ ಅಡುಗೆಯವರಿಗೆ ಆರೋಗ್ಯ ತಪಾಸಣೆಯ ಕಾರ್ಡ್ ಬೇಕು. ರೂಮಿನ ಮೆಸ್ಸಿಗೆ ಅದನ್ನು ಯಾರು ಕೇಳುತ್ತಾರೆ? ನಾನು ಆಳಂದದವನಿಗೆ ನಿಧಾನವಾಗಿ ವಿವರಿಸಿದೆ. ಅಡುಗೆಯವನ ಹೊಟ್ಟೆಯಲ್ಲಿ ಹುಳು ಇರಬಹುದು, ಇದ್ದರೂ ಅದು ಅವನ ತಪ್ಪಲ್ಲ, ಮಲ ಪರೀಕ್ಷೆ ಮಾಡಿಸಬಹುದು, ಇದ್ದರೆ ಡಾಕ್ಟರು ಕೊಡುವ ಒಂದೇ ಡೋಸಿನ ಔಷಧದಿಂದ ಹೋಗುತ್ತದೆ. ಅವನು "ಹೌದು ಸರ್, ಹೌದು ಸರ್" ಎಂದ. ಮಾತಿನ ಮೊದಲರ್ಧ ಮಾತ್ರ ಆ ಕೋಣೆಗಳಲ್ಲಿ ಹರಡಿತು.

ಈ ನಡುವೆ ಹುಮನಾಬಾದಿನಿಂದ ಹುಡುಗಿಯ ತಂದೆ ಬಂದರು. ಸಂಭಾವಿತ ಮನುಷ್ಯ. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಾನು ಚಿತ್ರ ಬರೆದು, ಈ ಸಲ ಪಕ್ಕದ ಬಾಣವನ್ನು ದಪ್ಪಗೆ ಎಳೆದು ವಿವರಿಸಿದೆ. ಅವರು ಕೊನೆಯವರೆಗೆ ಕೇಳಿ, "ಮಾಸ್ಟರ್ ಸಾಬ್, ನನಗೆ ತಿಳಿಯಿತು. ಊರಿನವರಿಗೆಲ್ಲ ಈ ಕಾಗದ ಹಿಡಿದು ತೋರಿಸುತ್ತಾ ತಿರುಗಲು ನನ್ನಿಂದಾಗದು" ಎಂದರು. ಚಹಾ ಕುಡಿದು ಎದ್ದರು. ಸಂಬಂಧ ಅಲ್ಲಿಗೆ ಮುಗಿಯಿತು. ಅವರ ಮೇಲೆ ನನಗೆ ಕೋಪವಿಲ್ಲ. ಮೂರ್ಛೆರೋಗ ಮದುವೆಗೆ ಅಡ್ಡಿಯೆಂಬ ಮಾತು ಹಿಂದೂ ವಿವಾಹ ಕಾಯ್ದೆಯಲ್ಲೂ ವಿಶೇಷ ವಿವಾಹ ಕಾಯ್ದೆಯಲ್ಲೂ 1999ರ ತಿದ್ದುಪಡಿಯವರೆಗೆ ಇತ್ತು. ಕಾನೂನಿಗೇ ಅಷ್ಟು ಕಾಲ ಬೇಕಾದಾಗ ಒಬ್ಬ ತಂದೆಗೆ ಒಂದು ಮಧ್ಯಾಹ್ನ ಸಾಲದು. ಮಸೀದಿಯ ಪೇಶಿಮಾಮರು ಮಾತ್ರ ಕಾಗದವನ್ನು ಹೊರಳಿಸಿ ನೋಡಿ, "ಹಾಗಾದರೆ ಇದು ಹರಾಮ್ ಹಲಾಲ್ ವಿಷಯವಲ್ಲ, ತಹಾರತ್ ವಿಷಯ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಇಪ್ಪತ್ತೆಂಟು ವರ್ಷದ ಮೇಷ್ಟ್ರಿಕೆಗೆ ಅಷ್ಟು ಚುಟುಕಾಗಿ ಹೇಳಲು ಬಂದಿರಲಿಲ್ಲ.

ಆಗಸ್ಟ್‌ನಲ್ಲಿ ಬೀದರಿನ ಹುಡುಗ ತನ್ನ ಸ್ಕ್ಯಾನಿಂಗಿನ ಚಿತ್ರಗಳನ್ನು ವಾಟ್ಸಾಪಿನಲ್ಲಿ ಕಳಿಸಿದ. ನಾನು ಹುರುಪಿನಿಂದ ನಮ್ಮ ಡಾಕ್ಟರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಇದು ಬ್ಯಾರೆ ಸರ್" ಎಂದರು. ಉಂಗುರ ದೊಡ್ಡದಿತ್ತು, 20 ಮಿಲಿಮೀಟರ್ ದಾಟಿತ್ತು, ಅಂಚು ಅಂಕುಡೊಂಕು, ನಡುವೆ ಚುಕ್ಕಿ ಇರಲಿಲ್ಲ. ಎದೆಯ ಎಕ್ಸ್‌ರೇ ತರಿಸಿ ನೋಡಿದಾಗ ಅಲ್ಲಿಯೂ ಕಲೆಗಳು. ಕ್ಷಯ! ಮಿದುಳಿನಲ್ಲಿ ಕ್ಷಯದ ಗಂಟು.

ಈ ಎರಡನ್ನು ಬೇರ್ಪಡಿಸಿದ ಶ್ರೇಯಸ್ಸು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಅವರ ಸಂಗಡಿಗರದು. 1980ರ ದಶಕದಲ್ಲಿ ನಮ್ಮಲ್ಲಿ ಸಿ.ಟಿ. ಸ್ಕ್ಯಾನ್ ಬಂದಾಗ, ಫಿಟ್ಸ್ ಬಂದವರ ಮಿದುಳಿನಲ್ಲಿ ಸಣ್ಣ ಉಂಗುರಗಳು ಕಾಣತೊಡಗಿದವು. ಭಾರತವಲ್ಲವೇ, ಕ್ಷಯವೇ ಇರಬೇಕೆಂದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುತ್ತಿದ್ದರು. ಉಂಗುರಗಳು ಮಾಯವಾಗುತ್ತಿದ್ದವು. ಔಷಧ ಫಲಿಸಿತೆಂದು ಎಲ್ಲರಿಗೂ ಸಮಾಧಾನ. ವೆಲ್ಲೂರಿನವರು ಅಂಥ ಗಂಟುಗಳನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಬಹುಪಾಲು ಸಾಯುತ್ತಿದ್ದ ಲಾಡಿಹುಳುವಿನ ಮರಿಗಳು. ಉಂಗುರ ಮಾಯವಾದದ್ದು ಔಷಧದಿಂದಲ್ಲ, ಹುಳು ತಾನಾಗಿ ಸತ್ತು ಕರಗಿದ್ದರಿಂದ. ಯಾವುದು ಹುಳು, ಯಾವುದು ಕ್ಷಯ ಎಂದು ತಲೆ ಕೊಯ್ಯದೆಯೇ ಹೇಳುವ ಲಕ್ಷಣಗಳನ್ನು ಅವರು 1993ರಲ್ಲಿ ಪ್ರಕಟಿಸಿದರು. ಗಾತ್ರದ ಆ 20 ಮಿಲಿಮೀಟರ್ ಗಡಿ ಅವುಗಳಲ್ಲೊಂದು. ಬೀದರಿನ ಹುಡುಗನಿಗೆ ಎರಡು ತಿಂಗಳು ತಡವಾಗಿಯಾದರೂ ಸರಿಯಾದ ಔಷಧ ಸಿಕ್ಕಿತು. ನನ್ನ ನೋಟ್‌ಬುಕ್ಕಿನಿಂದ ಆದ ಒಳ್ಳೆಯದೆಂದರೆ ಇದೊಂದೇ.

ಅಂದರೆ ಒಂದೇ ರೂಮಿನಲ್ಲಿ ಎರಡು ಬೇರೆ ಬೇರೆ ರೋಗ. ನಾನು ಕಟ್ಟಿದ್ದ ಕತೆ ಕುಸಿಯಿತು. "ಹಾಗಾದ್ರೆ ನಮ್ಮ ಹುಡುಗನಿಗೆ ಎಲ್ಲಿಂದ ಬಂತು?" ಎಂದೆ. "ಹ್ಯಾಂಗ ಹೇಳೂದ್ರಿ? ಶಾರ್ಜಾದಾಗೂ ಬಂದಿರಬಹುದು. ಶಾರ್ಜಾಕ್ಕ ಹೋಗೂ ಮುಂಚೆನೂ ಬಂದಿರಬಹುದು" ಎಂದರು.

ಐದು ವರ್ಷ. ನಾನೇ ಬರೆದುಕೊಂಡ ಸಂಖ್ಯೆ. ಅವನು ಶಾರ್ಜಾದಲ್ಲಿದ್ದದ್ದು ನಾಲ್ಕು ವರ್ಷ. ಅದಕ್ಕೂ ಮೊದಲು ಐ.ಟಿ.ಐ. ಓದುವಾಗ ಎರಡು ವರ್ಷ ಅವನು ಇದ್ದದ್ದು ಕಲಬುರಗಿಯ ನನ್ನ ಮನೆಯಲ್ಲಿ, ನನ್ನ ಹೆಂಡತಿಯ ಕೈಯಡುಗೆ ಉಂಡು. ನೋಟ್‌ಬುಕ್ ತೆರೆದು ನೋಡಿದೆ. "ಹೋಗುವ ಮೊದಲು" ಎಂಬ ಒಂದು ಕಾಲಂ ಅದರಲ್ಲಿ ಇರಲೇ ಇಲ್ಲ.

ನಮ್ಮ ಸೀಮೆಯ ಊಟ ನಿಮಗೆ ಗೊತ್ತಿದೆ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತೆ, ಹಕ್ಕರಕಿ, ಮೂಲಂಗಿ, ಸೌತೆಕಾಯಿ, ಈರುಳ್ಳಿ ಸೊಪ್ಪು. ಬೇಯಿಸಿದರೆ ರುಚಿ ಕೆಡುತ್ತದೆಂದು ಹಾಗೇ ತಿನ್ನುತ್ತೇವೆ. ಒಂದು ಬೆಳಗ್ಗೆ ನಾನು ಮಾರ್ಕೆಟ್ಟಿಗೆ ಸೊಪ್ಪು ತರುವ ಮುದುಕಿಯೊಬ್ಬಳನ್ನು ಎಲ್ಲಿಂದ ತರುತ್ತೀ ಎಂದು ಕೇಳಿಕೊಂಡು ಊರ ಹೊರಗಿನ ತೋಟಕ್ಕೆ ಹೋದೆ. ಪಕ್ಕದಲ್ಲಿ ಚರಂಡಿ ನೀರಿನ ನಾಲೆ. ಅದಕ್ಕೆ ಮೋಟಾರ್ ಇಟ್ಟಿದ್ದರು. ದಂಡೆಯ ಮೇಲೆ ಹಂದಿಗಳು, ಜಾಲಿಗಿಡಗಳ ಹಿಂದೆ ಚೊಂಬು ಹಿಡಿದು ಹೋಗುವ ಗಂಡಸರು. ಕಿತ್ತ ಸೊಪ್ಪಿನ ಕಟ್ಟುಗಳನ್ನು ತಾಜಾ ಕಾಣಲೆಂದು ಅದೇ ನೀರಿನಲ್ಲಿ ಅದ್ದಿ ಜೋಡಿಸುತ್ತಿದ್ದರು. ಎಷ್ಟು ಹಸಿರಾಗಿತ್ತು ಆ ಮೆಂತೆ! ವರ್ಷಗಳಿಂದ ನಾನು ಆರಿಸಿ ಆರಿಸಿ ತರುತ್ತಿದ್ದದ್ದು ಅದನ್ನೇ ಇರಬಹುದು.

ಡಾಕ್ಟರ ಮಾತಿನಂತೆ ಎರಡೂ ಮನೆಯವರ ಮಲ ಪರೀಕ್ಷೆ ಮಾಡಿಸಿದೆವು. ಡಬ್ಬಿಗಳನ್ನು ನೋಡಿ ಆಪಾ ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಳು. ಯಾರಲ್ಲೂ ಲಾಡಿಹುಳುವಿನ ಮೊಟ್ಟೆ ಸಿಗಲಿಲ್ಲ. ಸಿಕ್ಕಿದ್ದರೂ ಗೊಂದಲವೇ ಇತ್ತು. ದನದ ಮಾಂಸದಿಂದ ಬರುವ ಲಾಡಿಹುಳು ಬೇರೆ ಜಾತಿ, ಅದು ಮಿದುಳಿಗೆ ಹೋಗುವುದಿಲ್ಲ, ಆದರೆ ಎರಡರ ಮೊಟ್ಟೆಗಳೂ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ.

ಡಿಸೆಂಬರಿನ ಸ್ಕ್ಯಾನ್‌ನಲ್ಲಿ ಉಂಗುರ ಕುಗ್ಗಿ ಸಾಸಿವೆಯಷ್ಟಾಗಿತ್ತು. ಫಿಟ್ಸ್ ಮಾತ್ರೆ ಇನ್ನೂ ಕೆಲಕಾಲ ಮುಂದುವರಿಯಿತು. ಗಾಡಿ ಓಡಿಸಬೇಡ, ಏಣಿ ಹತ್ತಬೇಡ ಎಂದರು. ಎ.ಸಿ. ಮೆಕ್ಯಾನಿಕ್‌ಗೆ ಏಣಿ ಹತ್ತಬೇಡ ಎಂದರೆ ಏನುಳಿಯಿತು? ಶಾರ್ಜಾದ ಕೆಲಸ ಹೋಯಿತು. ಈಗ ಕಲಬುರಗಿಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟಿದ್ದಾನೆ. 2021ರಲ್ಲಿ ಮದುವೆಯಾಯಿತು. ಹುಡುಗಿಗೆ ಎಲ್ಲವನ್ನೂ ಮೊದಲೇ ಅವನೇ ಹೇಳಿದ. ಕ್ಯಾಲೆಂಡರಿನ ಹಾಳೆ ಬೇಕಾಗಲಿಲ್ಲ.

ಅಡುಗೆಯವನ ವಿಷಯ ಹೇಳುವುದು ಉಳಿಯಿತು. ಬೀದರಿನ ಹುಡುಗನ ರೋಗ ಕ್ಷಯವೆಂದು ತಿಳಿದ ರಾತ್ರಿಯೇ ನಾನು ಶಾರ್ಜಾಕ್ಕೆ ಫೋನ್ ಮಾಡಿದೆ, ಅನುಮಾನ ಬೇಡ, ರೂಮಿನವರೆಲ್ಲ ಕ್ಷಯದ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಲು. ಆಳಂದದವನು, "ಅವನನ್ನ ಆಗಲೇ ತೆಗೆದು ಹಾಕಿದೆವು ಸರ್" ಎಂದ. ನಾನು ಮೊದಲ ಸಲ ಫೋನ್ ಮಾಡಿದ ವಾರದಲ್ಲೇ. ಮೂರು ರೂಮಿನವರೂ ಸೇರಿ. ಯಾವ ಪರೀಕ್ಷೆಯೂ ಆಗಿರಲಿಲ್ಲ. ತಿಂಗಳ ಸಂಬಳ ಕೊಟ್ಟಿರಾ ಎಂದರೆ ಆ ಕಡೆಯಿಂದ ಉತ್ತರ ಸ್ಪಷ್ಟವಾಗಿ ಬರಲಿಲ್ಲ. ಆತ ಹೊರಡುವಾಗ ಏನೆಂದ ಎಂದು ಕೇಳಿದೆ. "ಏನಿಲ್ಲ ಸರ್, ನಾನು ಕೈ ತೊಳೆದೇ ಮಾಡ್ತಿದ್ದೆ ಅಂತ ಆಣೆ ಮಾಡ್ತಿದ್ದ."

ಅವನ ನಂಬರು ಇಸಿದುಕೊಂಡು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಅನೇಕ ಸಲ ಪ್ರಯತ್ನಿಸಿದೆ. ಮೊದಮೊದಲು ಸ್ವಿಚ್ ಆಫ್ ಎಂದು ಬರುತ್ತಿತ್ತು. ಕೆಲವು ತಿಂಗಳ ನಂತರ ಒಮ್ಮೆ ರಿಂಗಾಯಿತು. ಎತ್ತಿದವನು ಬೇರೆ ಯಾರೋ ಹುಡುಗ. ಈ ನಂಬರು ತಾನು ಹೊಸದಾಗಿ ತೆಗೆದುಕೊಂಡದ್ದು, ಹಿಂದಿನವರು ಯಾರೋ ತನಗೆ ಗೊತ್ತಿಲ್ಲ ಎಂದ.